ಆರೂಕಾಲರ ಬಸ್ಸಿನವರೆಗೆ

ನಮ್ಮ ಶಾಲೆ ಬಿಡುತ್ತಿದ್ದುದು ಸಂಜೆ ನಾಲ್ಕೂವರೆಗೆ. ಇಂಡಿಗೆ ಹೋಗುವ ಬಸ್ಸು ಬರುತ್ತಿದ್ದುದು ಆರೂಕಾಲಿಗೆ. ನಡುವಿನ ಒಂದೂಮುಕ್ಕಾಲು ಗಂಟೆಯನ್ನು ನಾವು ನಾಲ್ವರು ಊರಬಾಗಿಲ ಚಹಾದಂಗಡಿಯ ಬೆಂಚಿನ ಮೇಲೆ ಕಳೆಯುತ್ತಿದ್ದೆವು. ನಾಲ್ವರೂ ನಾಲ್ಕು ತಾಲ್ಲೂಕಿನವರು. ಕನ್ನಡ ಮಾಸ್ತರರು ಬಸವನ ಬಾಗೇವಾಡಿಯವರು, ಮಾತಿಗೊಂದು ವಚನ ಅವರ ನಾಲಿಗೆಯ ಮೇಲೆ. ಗಣಿತದವರು ಮುದ್ದೇಬಿಹಾಳದವರು, ಹಣೆಗೆ ವಿಭೂತಿ ಇಲ್ಲದೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರಲ್ಲ. ನಾನು ಸಿಂದಗಿಯವನು, ವಿಜ್ಞಾನ ಕಲಿಸುವವನು. ನಾಲ್ಕನೆಯವರು ನಮ್ಮ ಗುಮಾಸ್ತರು, ಇಂಡಿ ತಾಲ್ಲೂಕಿನ ಅದೇ ಊರಿನವರು. ಅವರಿಗೆ ಬಸ್ಸಿನ ಗರಜು ಇರಲಿಲ್ಲ, ಮಾತಿಗಾಗಿ ಕೂಡುತ್ತಿದ್ದರು.

ಮಾತು ಮಳೆಯಿಂದ ಹೊರಡಲಿ, ತೊಗರಿಯ ಧಾರಣೆಯಿಂದ ಹೊರಡಲಿ, ಕೊನೆಗೆ ದೇವರು ಮತ್ತು ವಿಜ್ಞಾನದ ಜಗಳಕ್ಕೇ ಬಂದು ನಿಲ್ಲುತ್ತಿತ್ತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವ ಹೊತ್ತಿಗೆ ಸಂಪರ್ಕ ಕಳೆದುಕೊಂಡಿತಲ್ಲ, ಆ ವಾರವಿಡೀ ಅದೇ ಚರ್ಚೆ. "ಇಸ್ರೋದವರೂ ತಿರುಪತಿಗೆ ಹೋಗಿನ ರಾಕೆಟ್ ಹಾರಸ್ತಾರ್ರಿ" ಎಂದರು ಗಣಿತದವರು. "ಹೋದ್ರೂ ಬಿತ್ತಲ್ರಿ ಸರ" ಎಂದೆ ನಾನು. ಎಲ್ಲರೂ ನಕ್ಕರು. ಗೆದ್ದೆನೆಂದು ಬೀಗಿ ಬಸ್ಸು ಹತ್ತಿದೆ.

ಹೀಗೆ ಗೆಲ್ಲುವ ಚಟ ನನಗೆ ಕಾಲೇಜಿನಿಂದಲೂ ಇತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ನನ್ನ ಆದರ್ಶ. 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು ಹೋದಾಗ ನಾನು ಹತ್ತು ವರ್ಷದ ಹುಡುಗ. ಅಜ್ಜಿ ನಮ್ಮನ್ನೆಲ್ಲ ಒಳಗೆ ಕೂಡಿಹಾಕಿ ಕಿಟಕಿಗೆ ಕೌದಿ ಕಟ್ಟಿದ್ದಳು. ಜೀವಮಾನಕ್ಕೊಮ್ಮೆ ಕಾಣುವಂಥದ್ದನ್ನು ಕಾಣದೇ ಹೋದ ಸಿಟ್ಟು ನನ್ನಲ್ಲಿ ಹಾಗೇ ಉಳಿದಿತ್ತು.

ಅದೇ ವರ್ಷದ ಡಿಸೆಂಬರ್ 26ಕ್ಕೆ ಮತ್ತೊಂದು ಸೂರ್ಯಗ್ರಹಣವಿತ್ತು. ಎಳ್ಳ ಅಮವಾಸ್ಯೆಯೂ ಅದರ ಜೊತೆಗೇ ಬಂದಿತ್ತು. ಒಂದು ಸಂಜೆ ಗುಮಾಸ್ತರು ಚಹಾದ ಕಪ್ಪು ಕೆಳಗಿಟ್ಟು, "ಸರ, ಒಂದ ಮಾತು ಕೇಳ್ತೀನಿ. ಗ್ರಹಣದಾಗ ಕೂಸಿನ್ನ ಕುತ್ತಿಗಿ ಮಟ ಮಣ್ಣಾಗ ಹುಗದ್ರ ಕಾಲಿಗೆ ಬಲ ಬರ್ತೈತಂತಲ್ರಿ, ಖರೇ ಏನು?" ಎಂದರು.

ನಾನು ಗೊಳ್ಳೆಂದು ನಕ್ಕೆ. "ಹಂಗಾದ್ರ ಗಜ್ಜರಿಗೆ ಕಾಲು ಬರಬೇಕಾಗಿತ್ತಲ್ರಿ" ಎಂದೆ. ಗುಮಾಸ್ತರು ನಗಲಿಲ್ಲ. ಎದ್ದು, ಎಲ್ಲರ ಚಹಾದ ದುಡ್ಡು ಕೊಟ್ಟು ಹೋಗಿಬಿಟ್ಟರು. ಆಗ ಕನ್ನಡ ಮಾಸ್ತರರು, "ಅವರ ಮಗಳಿಗೆ ಎಂಟು ವರ್ಷ. ಇನ್ನೂ ನಿಂತಿಲ್ಲ. ನಿಮಗ ಗೊತ್ತಿರಲಿಲ್ಲೇನ್ರಿ?" ಎಂದರು.

ಗೊತ್ತಿರಲಿಲ್ಲ. ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತು ದೇವರಿದ್ದಾನೋ ಇಲ್ಲವೋ ಎಂದು ವಾದಿಸಿದ್ದೆ. ಪಕ್ಕದಲ್ಲಿ ಕೂತವರ ಮನೆಯಲ್ಲಿ ಏನಿದೆ ಎಂದು ಕೇಳಿರಲಿಲ್ಲ.

ಮರುದಿನ ಅವರ ಮೇಜಿನ ಬಳಿ ಹೋಗಿ ತಪ್ಪಾಯಿತೆಂದೆ. ಹೆರಿಗೆಯಲ್ಲಿ ತಡವಾಗಿ, ಕೂಸಿಗೆ ಉಸಿರು ಕಟ್ಟಿ, ಮಿದುಳಿಗೆ ಆಮ್ಲಜನಕ ಸಾಲದೆ ಹೀಗಾಗಿದೆ ಎಂದು ವೈದ್ಯರು ಹೇಳಿದ್ದರಂತೆ. ಪೂರ್ತಿ ವಾಸಿಯಾಗುವುದಿಲ್ಲ, ವ್ಯಾಯಾಮ ಮಾಡಿಸುತ್ತ ಹೋಗಿ ಎಂದಿದ್ದರಂತೆ. ನಾನು ಗ್ರಹಣವೆಂದರೆ ಚಂದ್ರನ ನೆರಳು, ಅದರಿಂದ ಮಣ್ಣಿನಲ್ಲಿ ಏನೂ ಬದಲಾಗುವುದಿಲ್ಲ, ಚಳಿಯ ಬೆಳಗ್ಗೆ ಎದೆಯ ಮೇಲೆ ಮಣ್ಣು ಬಿಗಿದರೆ ಉಸಿರಾಟಕ್ಕೇ ಕಷ್ಟ ಎಂದು ವಿವರಿಸಿದೆ. ಅವರು ಎಲ್ಲ ಕೇಳಿ, "ನಿಮ್ಮ ಸಾಯನ್ಸು ಆಗಂಗಿಲ್ಲ ಅಂತೈತಿ. ನಮ್ಮವ್ವ ಆದೀತು ಅಂತಾಳ. ತಂದಿ ಆದಂವ ಯಾರ ಕಡೆ ಹೋಗಬೇಕ್ರಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಗ್ರಹಣದ ಎರಡು ದಿನ ಮೊದಲು ಶಾಲೆ ಬಿಟ್ಟ ಮೇಲೆ ಮೂವರೂ ಅವರ ಮನೆಗೆ ಹೋದೆವು. ಹಿತ್ತಿಲಲ್ಲಿ ಆಗಲೇ ಗುಂಡಿ ತೋಡಿದ್ದರು. ಒಳಗೆ ಶೇಂಗಾ ಹೋಳಿಗೆಗೆ ಹೂರಣ ಕುಟ್ಟುವ ಸದ್ದು. ಹುಡುಗಿ ಗೋಡೆಗೆ ಒರಗಿ ಕೂತು ನಮ್ಮನ್ನು ನೋಡಿ ನಕ್ಕಳು. ನಾನು ನೆರಳು, ಕಕ್ಷೆ ಎಂದು ಶುರು ಮಾಡಿದೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಮರ್ಯಾದೆಗೆ ಕೇಳಿದಳು, ಅಷ್ಟೆ.

ಗಣಿತದವರು ನನ್ನ ಮಾತು ತಡೆದು, "ಯವ್ವಾ, ಎಳ್ಳ ಅಮವಾಸ್ಯಿಗೆ ಹೊಲಕ್ಕ ಹೋಗಿ ಚರಗ ಯಾಕ ಚೆಲ್ಲತೀರಿ?" ಎಂದು ಕೇಳಿದರು.

"ಭೂಮಿತಾಯಿ ಬಸುರಿ ಇರತಾಳಪಾ. ಆಕಿ ಬಯಕಿ ತೀರಸಬೇಕಲ್ಲ?"

"ಹೌದಲ್ಲ? ಬಸುರಿ ಹೊಟ್ಟಿ ಅಗದು ಕೂಸಿನ್ನ ಹುಗದ್ರ ಆ ತಾಯಿಗೆ ನೋವಾಗಂಗಿಲ್ಲೇನು?"

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನನ್ನು ಕರೆದು, "ಗುಂಡಿ ಮುಚ್ಚೋ" ಎಂದಳು.

ನಿಲ್ದಾಣಕ್ಕೆ ಬರುವಾಗ ನನಗೆ ಸಮಾಧಾನದ ಜೊತೆ ಕಸಿವಿಸಿ. "ಸರ, ಗ್ರಹಣದಿಂದ ಏನೂ ಆಗಂಗಿಲ್ಲ ಅಂತ ನೀವು ಹೇಳಲೇ ಇಲ್ಲ. ಒಂದು ನಂಬಿಕಿ ಬಿಡಿಸಾಕ ಇನ್ನೊಂದು ನಂಬಿಕಿ ತೋರಿಸಿದ್ರಿ. ಮುಂದಿನ ಗ್ರಹಣ ಎಳ್ಳ ಅಮವಾಸ್ಯಿಗೆ ಬರಲಿಲ್ಲಂದ್ರ ಏನ್ಮಾಡ್ತೀರಿ?" ಎಂದೆ.

ಅವರು ನಕ್ಕು, "ನಾ ಇವತ್ತಿನ ಗುಂಡಿ ಮುಚ್ಚಿಸೇನ್ರಿ. ನಾಳಿನ ಗುಂಡಿ ಮುಚ್ಚಿಸೋದು ನಿಮ್ಮ ಕೆಲಸ" ಎಂದರು.

ಗ್ರಹಣದ ಬೆಳಗ್ಗೆ ಶಾಲೆಗೆ ಬಂದ ಮಕ್ಕಳು ಹತ್ತೋ ಹನ್ನೆರಡೋ. ಗುಮಾಸ್ತರು ಮಗಳನ್ನು ಹೆಗಲ ಮೇಲೆ ಹೊತ್ತು ತಂದಿದ್ದರು, ಹಿಂದೆ ಅಜ್ಜಿ. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಸಿಲಿಗೆ ಹಿಡಿದೆವು. ನೆಲದ ಮೇಲಿಟ್ಟ ಬಿಳಿ ಹಾಳೆಯಲ್ಲಿ ಸಣ್ಣದೊಂದು ಕುಡುಗೋಲಿನಂಥ ಸೂರ್ಯ ಮೂಡಿದ. ಹುಡುಗಿ ಅದನ್ನು ಹಿಡಿಯಲು ಕೈ ಚಾಚಿದಳು. ಅದು ಅಂಗೈ ಮೇಲೆ ಬಂತು. ಅಜ್ಜಿಗೆ ನಾನು ಇಂಡಿಯದೇ ಒಂದು ಲಿಂಬೆಹಣ್ಣು ಕೊಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದರ ಹತ್ತಿರ ಹಣ್ಣು ಹಿಡಿದು ದೂರದ ನೀರಿನ ಟಾಕಿ ನೋಡಲು ಹೇಳಿದೆ. ಟಾಕಿ ಮರೆಯಾಯಿತು. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಹೆಚ್ಚು ಕಡಿಮೆ 400 ಪಟ್ಟು ದೂರ, ಹಾಗಾಗಿ ನಮ್ಮ ಕಣ್ಣಿಗೆ ಎರಡೂ ಒಂದೇ ಅಳತೆ. ಅಂದು ಚಂದ್ರ ತುಸು ದೂರದಲ್ಲಿದ್ದುದರಿಂದ ಮಂಗಳೂರು, ಕಾಸರಗೋಡಿನ ಕಡೆ ಸೂರ್ಯ ಬಳೆಯಂತೆ ಕಂಡ. ಅಜ್ಜಿ ಹಣ್ಣನ್ನು ಹತ್ತಿರ, ದೂರ ಮಾಡಿ ಮಾಡಿ ನೋಡಿದಳು. ಟಾಕಿ ಮರೆಯಾಯಿತು, ಮತ್ತೆ ಕಂಡಿತು. "ಬರೇ ಅಡ್ಡ ಬರೋದೇನು?" ಎಂದಳು.

ಅದೇ ಬೆಳಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಸುದ್ದಿ ಓದಿದ ಗುಮಾಸ್ತರು ಪತ್ರಿಕೆಯನ್ನು ಮಡಿಚಿ ಕಪಾಟಿನಲ್ಲಿಟ್ಟರು, ಏನೂ ಹೇಳಲಿಲ್ಲ. ಆ ತಂದೆತಾಯಿಗಳನ್ನು ಕಲ್ಲೆದೆಯವರೆನ್ನಲು ನನಗೂ ಬಾಯಿ ಬರಲಿಲ್ಲ. ಅವರಂಥದೇ ಆಸೆಯಿಂದ ತೋಡಿದ ಗುಂಡಿಯನ್ನು ನಾನು ಕಣ್ಣಾರೆ ಕಂಡಿದ್ದೆ.

2022ರ ಅಕ್ಟೋಬರ್ 25ರ ಸಂಜೆ, ದೀಪಾವಳಿಯ ನಡುವೆ, ಮತ್ತೆ ಗ್ರಹಣ ಬಂತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಗುಮಾಸ್ತರು ಫೋನು ಮಾಡಿದರು. ಅಜ್ಜಿ ಗ್ರಹಣ ಬಿಡುವವರೆಗೆ ಬಾಯಿಗೆ ಹನಿ ನೀರು ಹಾಕುವುದಿಲ್ಲವೆಂದು ಕೂತಿದ್ದಾಳೆ, ಆದರೆ ಮೊಮ್ಮಗಳನ್ನು ಕಟ್ಟೆಯ ಮೇಲೆ ಕೂಡಿಸಿ ತಾನೇ ರಟ್ಟು ಹಿಡಿದು ಓಣಿಯ ಮಕ್ಕಳಿಗೆಲ್ಲ ತೋರಿಸುತ್ತಿದ್ದಾಳೆ ಎಂದರು. ಹುಡುಗಿ ನಡೆಯುತ್ತಾಳೆಯೇ ಎಂದು ನೀವು ಕೇಳಬಹುದು. ಇಲ್ಲ. ದಿನವೂ ವ್ಯಾಯಾಮ ಮಾಡಿಸುತ್ತಾರೆ, ಗಾಲಿಕುರ್ಚಿಯಲ್ಲಿ ಕೂತು ಶಾಲೆಗೆ ಹೋಗುತ್ತಾಳೆ.

2023ರ ಆಗಸ್ಟ್ 23ರ ಸಂಜೆ ಆರು ದಾಟಿ ನಾಲ್ಕು ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಗಣಿತದವರಿಗೆ ಫೋನು ಹಚ್ಚಿದೆ. "ಈ ಸಲ ತಿಮ್ಮಪ್ಪ ಗೆದ್ನೋ, ನಿಮ್ಮ ಸಾಯನ್ಸು ಗೆತ್ತೋ?" ಎಂದು ಕೆಣಕಿದರು. ನನಗೆ ಉತ್ತರ ಹೊಳೆದಿತ್ತು. ಆದರೆ ಮೊದಲು, "ಮನ್ಯಾಗ ಎಲ್ಲಾರೂ ಆರಾಮ ಏನ್ರಿ ಸರ?" ಎಂದು ಕೇಳಿದೆ. ವಾದ ಆಮೇಲೆ, ಎಂದಿನಂತೆ, ಬಹಳ ಹೊತ್ತು ನಡೆಯಿತು.