ವಾಹನದ ನಾಡಿಪರೀಕ್ಷೆ

ಹಿಂದಿನ ಮೋಟಾರುಗಳು ತಮ್ಮ ಬೇನೆಯನ್ನು ಬಚ್ಚಿಡುತ್ತಿರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕಿದರೆ ಕೆಮ್ಮುವುವು. ನೀರು ಬತ್ತಿದರೆ ಹಬೆಯುಗುಳುವುವು. ಗೇರು ಸವೆದರೆ ನರಳುವುವು. ಕಿವಿಯುಳ್ಳ ಮೇಸ್ತ್ರಿಗೆ ಅಷ್ಟೇ ಸಾಕಾಗಿತ್ತು. ಇಂದಿನ ವಾಹನದ ರೀತಿಯೇ ಬೇರೆ. ಎಂಜಿನ್ನಿಗೊಂದು, ಬ್ರೇಕಿಗೊಂದು, ಗಾಳಿಚೀಲಕ್ಕೊಂದು, ಬಾಗಿಲು ದೀಪಗಳಿಗೊಂದು ಎಂಬಂತೆ ಹಲವು ಪುಟ್ಟ ಗಣಕಗಳು ಅದರೊಳಗೆ ಅಡಗಿ ಕುಳಿತಿವೆ. ಅವುಗಳಲ್ಲಿ ದೋಷ ತೋರಿದಾಗ ಸದ್ದಿಲ್ಲ, ಗದ್ದಲವಿಲ್ಲ; ಚಾಲಕನೆದುರಿಗೆ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಅಷ್ಟೆ. ಆ ದೀಪದ ಅರ್ಥವನ್ನು ಬಿಡಿಸಿ ಹೇಳುವ ತಂತ್ರಾಂಶವನ್ನು ರಚಿಸುವುದೇ ಬೆಂಗಳೂರಿನ ತರುಣ ಎಂಜಿನಿಯರನೊಬ್ಬನ ಉದ್ಯೋಗವಾಗಿತ್ತು.

ಈ ಗಣಕಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವುದು ಹೆಣೆದ ಎರಡು ತಂತಿಗಳ ಮೂಲಕ. ಜರ್ಮನಿಯ ಬಾಷ್ ಸಂಸ್ಥೆಯು ೧೯೮೬ರಲ್ಲಿ ಲೋಕದ ಮುಂದಿಟ್ಟ ‘ಕ್ಯಾನ್’ ಎಂಬ ಈ ಪದ್ಧತಿಯಲ್ಲಿ ಯಜಮಾನನೆಂಬವನಿಲ್ಲ. ಎಲ್ಲರೂ ಒಂದೇ ತಂತಿಯಲ್ಲಿ ನುಡಿಯುವರು. ಇಬ್ಬರು ಒಮ್ಮೆಗೇ ಬಾಯಿ ತೆರೆದರೆ ಹೆಚ್ಚು ಮುಖ್ಯವಾದ ಸುದ್ದಿಯುಳ್ಳವನು ಮುಂದುವರಿಯುವನು, ಮತ್ತೊಬ್ಬನು ತಾನಾಗಿ ಸುಮ್ಮನಾಗುವನು. ಮನುಷ್ಯರ ಸಭೆಗಳಲ್ಲಿ ಇಂಥ ಮರ್ಯಾದೆ ಅಪರೂಪವೇ ಸರಿ. ಹೊರಗಿನವರು ಈ ಗಣಕಗಳೊಡನೆ ಮಾತನಾಡುವುದಕ್ಕೆ ಸ್ಟಿಯರಿಂಗಿನ ಕೆಳಗೆ ೧೬ ತೂತುಗಳ ಒಂದು ಸಾಕೆಟ್ಟು ಉಂಟು. ಹೊಗೆಯಿಂದಾಗುವ ಮಾಲಿನ್ಯವನ್ನು ಹಿಡಿತದಲ್ಲಿಡುವ ಸಲುವಾಗಿ ಅಮೆರಿಕದಲ್ಲಿ ೧೯೯೬ರ ಮಾದರಿಯ ಕಾರುಗಳಿಂದ ಈ ಏರ್ಪಾಡು ಕಡ್ಡಾಯವಾಯಿತು. ದೋಷಗಳಿಗೆಲ್ಲ ಸಂಕೇತಗಳಿವೆ. ‘ಪಿ’ ಎಂದರೆ ಎಂಜಿನ್ನು ಗೇರುಗಳ ವಿಷಯ, ‘ಸಿ’ ಬ್ರೇಕು ಮೊದಲಾದವುಗಳದು, ‘ಬಿ’ ಒಡಲಿನದು, ‘ಯು’ ಗಣಕಗಳ ನಡುವಿನ ಸಂಪರ್ಕದ್ದು. ‘ಪಿ ೦೩೦೧’ ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿಯತಕ್ಕದ್ದು.

ತರುಣನ ಮೊದಲ ಕೃತಿಯು ಗಂಟುಬಿದ್ದ ನೂಲಿನಂತಿತ್ತು. ತಂತಿಯಿಂದ ಸುದ್ದಿಯನ್ನು ಆಯುವ ಭಾಗ, ಅರ್ಥ ಹೇಳುವ ಭಾಗ, ಚಿಕಿತ್ಸೆಯನ್ನು ವಿಧಿಸುವ ಭಾಗ, ಇವೆಲ್ಲ ಒಂದರೊಳಗೊಂದು ತೊಡರಿಕೊಂಡಿದ್ದುವು. ಹೊಸ ಮಾದರಿಯ ಕಾರಿಗೆಂದು ಒಂದು ಸಾಲನ್ನು ತಿದ್ದಿದರೆ ಹಳೆಯ ಮಾದರಿಯಲ್ಲಿ ಮತ್ತೇನೋ ಕೆಡುತ್ತಿತ್ತು. ಗ್ಯಾರೇಜಿನವರಿಗೆ ಸದಾ ಆತುರವಷ್ಟೆ! ಅದಕ್ಕಾಗಿ ಒಂದೇ ಗುಂಡಿಯನ್ನೊತ್ತಿದರೆ ಸಂಕೇತಗಳನ್ನು ಓದಿ, ತೀರ್ಪು ಹೇಳಿ, ಕೂಡಲೆ ಅವನ್ನು ಅಳಿಸಿಬಿಡುವಂತೆಯೂ ಆತನು ಅನುವು ಮಾಡಿದ್ದನು. ಅದೊಂದು ಜಾಣತನವೆಂದೇ ಆತನ ಎಣಿಕೆ.

ಒಂದು ಮಳೆಗಾಲದಲ್ಲಿ ಬಾಡಿಗೆ ಕಾರಿನ ಚಾಲಕನೊಬ್ಬನು ಹಳದಿ ದೀಪದ ಕಾರನ್ನು ಗ್ಯಾರೇಜಿಗೆ ತಂದನು. ತಂತ್ರಾಂಶವು ‘ಯು ೦೧೨೧’ ಎಂದು ತೋರಿಸಿ, ಬ್ರೇಕಿನ ಗಣಕವನ್ನು ಬದಲಿಸಿರೆಂದು ವಿಧಿಸಿತು. ಚಾಲಕನು ಸಾಲ ಮಾಡಿ ಹೊಸದನ್ನು ಹಾಕಿಸಿದನು. ದೀಪ ಆರಿತು. ಎಂಟು ದಿನಕ್ಕೆ ಮತ್ತೆ ಹೊತ್ತಿತು. ದೂರು ತರುಣನವರೆಗೆ ಬಂದು, ಆತನೇ ಹೊರಟು ಬಂದನು.

ಗ್ಯಾರೇಜಿನ ಮುದುಕ ಮೇಸ್ತ್ರಿಯು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಕಾರಿನ ಒಡಲಿಗೂ ತಾಗಿಸಿ, ಸ್ಟಾರ್ಟು ಮಾಡಹೇಳಿದನು. ಅರ್ಧ ವೋಲ್ಟನ್ನೂ ಮೀರಬಾರದ ಆ ಎಡೆಯಲ್ಲಿ ಮೀಟರು ಎರಡನ್ನು ದಾಟಿತು. ಅರ್ಥ್ ವೈರಿನ ಬೋಲ್ಟಿನಡಿ ತುಕ್ಕು ಹಿಡಿದಿತ್ತು. ಪ್ರತಿ ಸಲ ಸ್ಟಾರ್ಟು ಮಾಡುವಾಗಲೂ ವಿದ್ಯುತ್ತು ಕುಗ್ಗಿ ಬ್ರೇಕಿನ ಗಣಕವು ಕ್ಷಣಕಾಲ ಮೂರ್ಛೆಹೋಗುತ್ತಿತ್ತು. ಮೊದಲ ಸಲ ದೀಪ ಆರಿದ್ದು ಹೊಸ ಗಣಕದ ಮಹಿಮೆಯಿಂದಲ್ಲ, ಸಂಕೇತವನ್ನು ಅಳಿಸಿದ್ದರಿಂದ.

“ಸ್ವಾಮಿ, ನಿಮ್ಮ ಯಂತ್ರ ಸುಳ್ಳು ಹೇಳಲಿಲ್ಲ. ಅವನು ಮಾತನಾಡುತ್ತಿಲ್ಲ ಎಂದಿತು. ಸತ್ತಿದ್ದಾನೆ ಎಂದವರು ಯಾರು?” ಎಂದನು ಮೇಸ್ತ್ರಿ, ಉಪ್ಪುಕಾಗದದಿಂದ ತುಕ್ಕನ್ನು ಉಜ್ಜುತ್ತ.

ಚಾಲಕನು ಮೆಲ್ಲನೆ ಕೇಳಿದನು: “ಸಾರ್, ಹಳೆಯದನ್ನೇ ವಾಪಸು ಹಾಕಿದರೆ ಹೊಸದರ ದುಡ್ಡು ಬರುತ್ತದೆಯೇ?”

ಒಮ್ಮೆ ಹಾಕಿದ ಎಲೆಕ್ಟ್ರಿಕ್ ಸಾಮಾನನ್ನು ಅಂಗಡಿಯವರು ಹಿಂತೆಗೆದುಕೊಳ್ಳುವುದಿಲ್ಲ. ಮೇಸ್ತ್ರಿಯೂ ತರುಣನೂ ತಲೆ ತಗ್ಗಿಸಿದರು. ದೋಷ ಹುಟ್ಟಿದ ಗಳಿಗೆಯ ವೋಲ್ಟೇಜು ಮೊದಲಾದ ವಿವರಗಳನ್ನು ಗಣಕವು ಸಂಕೇತದ ಜೊತೆಗೆ ಬರೆದಿಟ್ಟುಕೊಂಡಿತ್ತು; ಸಂಕೇತವನ್ನು ಅಳಿಸಿದಾಗ ಅವೂ ಅಳಿದುಹೋದುವು. ಸಾಕ್ಷಿಯನ್ನು ಸುಟ್ಟದ್ದು ಆ ಜಾಣತನದ ಗುಂಡಿಯೇ.

ಮುಂದಿನ ತಿಂಗಳುಗಳಲ್ಲಿ ಆತನು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದನು. ಮೊದಲನೆಯ ಭಾಗಕ್ಕೆ ಸುದ್ದಿಯನ್ನು ಹೊತ್ತು ತರುವುದಷ್ಟೇ ಕೆಲಸ. ಎರಡನೆಯದು ಐಎಸ್‌ಒ ೧೪೨೨೯ ಎಂಬ ನಿಯಮದ ಮೇರೆಗೆ ಪ್ರಶ್ನೋತ್ತರವನ್ನು ನಡೆಸುವುದು. ಮೂರನೆಯದು ಬರಿಯ ನಿಘಂಟು. ಹೊಸ ಕಾರು ಬಂದರೆ ನಿಘಂಟಿಗೆ ಹೊಸ ಪುಟ ಸೇರುವುದೇ ಹೊರತು ಉಳಿದ ಭಾಗಗಳನ್ನು ಯಾರೂ ಮುಟ್ಟಬೇಕಾಗಿಲ್ಲ. ತೀರ್ಪಿನ ಭಾಗವು ಪ್ರತ್ಯೇಕವಾಗಿ ಕುಳಿತಿತು. ಕಾರಣವನ್ನು ಹೇಳದೆ ಅದು ಏನನ್ನೂ ಹೇಳಕೂಡದು. ಯಾವುದೇ ಗಣಕ ಮೌನ ತಾಳಿದರೆ ಅದು ಮೊದಲು ಬ್ಯಾಟರಿಯನ್ನೂ ಅರ್ಥ್ ವೈರನ್ನೂ ನೋಡಹೇಳುವುದು. ಬಳಿಕ ಜೋಡಿತಂತಿಗಳ ನಡುವೆ ಓಮುಗಳನ್ನು ಅಳೆಯಹೇಳುವುದು. ತಂತಿಯ ಎರಡು ತುದಿಗಳಲ್ಲೂ ೧೨೦ ಓಮಿನ ರೋಧಕಗಳಿರುವುದರಿಂದ ಬ್ಯಾಟರಿ ಕಳಚಿದಾಗ ೬೦ ಓಮು ಕಂಡರೆ ತಂತಿ ನೆಟ್ಟಗಿದೆಯೆಂದು ನಂಬಬಹುದು. ಅಳಿಸುವ ಕೆಲಸವು ಬೇರೆಯಾಯಿತು. ಎಲ್ಲವನ್ನೂ ಬರೆದಿಟ್ಟ ಮೇಲಲ್ಲದೆ ಅದು ನಡೆಯದು. ‘ಬದಲಿಸಿ’ ಎಂಬ ಮಾತು ಇದ್ದೆಡೆಯಲ್ಲೆಲ್ಲ ‘ಪರೀಕ್ಷಿಸಿ’ ಎಂದಾಯಿತು.

ಹೊಸದು ನಿಧಾನವೆಂದು ಕೆಲವು ಗಿರಾಕಿಗಳು ಗೊಣಗಿದರು. ಮೇಲಧಿಕಾರಿಗಳು ಒಂದೇ ಗುಂಡಿಯನ್ನು ಮರಳಿ ತರಬಾರದೇಕೆಂದು ಎರಡು ಸಲ ಕೇಳಿದರು. ಅವರು ಕೇಳಿದಾಗಲೆಲ್ಲ ಆತನು ತನ್ನ ಮೇಜಿನ ಮೇಲಿರುವ ಒಂದು ಲೋಹದ ಪೆಟ್ಟಿಗೆಯನ್ನು ಅವರ ಮುಂದೆ ಸರಿಸಿದನು. ಯಾವ ದೋಷವೂ ಇಲ್ಲದ ಹಳೆಯ ಬ್ರೇಕಿನ ಗಣಕವದು. ಆತನು ಹೊಸದರ ಬೆಲೆಯನ್ನೇ ಕೊಟ್ಟು ಅದನ್ನು ಆ ಚಾಲಕನಿಂದ ಕೊಂಡುಕೊಂಡಿದ್ದನು.