ಅಪ್ಪನ ತೋಟದ ಲ್ಯಾಟಿಟ್ಯೂಡು, ಲಾಂಗಿಟ್ಯೂಡು

ಶುಕ್ರವಾರ ರಾತ್ರಿ, ಅಮೆರಿಕದವರ ಜೊತೆ ಕಾಲ್ ನಡೀತಿದ್ದಾಗ ಅಪ್ಪನ ಫೋನ್ ಬಂತು. ಒಂಬತ್ತರ ಮೇಲೆ ಅವರು ಸುಮ್ಮಸುಮ್ಮನೆ ಫೋನ್ ಮಾಡೋರಲ್ಲ. ಮ್ಯೂಟ್ ಹಾಕಿ ಎತ್ತಿದೆ.

"ಏ, ಈ ಲ್ಯಾಟಿಟ್ಯೂಡು ಲಾಂಗಿಟ್ಯೂಡು ಅಂದ್ರೆ ಎಲ್ಲಿ ಸಿಗುತ್ತೋ? ಕಾಫಿ ತಗೊಳ್ಳೋರು ಕೇಳ್ತಿದಾರೆ. ಯುರೋಪಿನೋರಿಗೆ ನಮ್ ತೋಟ ಎಲ್ಲಿದೆ ಅಂತ ಗೊತ್ತಾಗ್ಬೇಕಂತೆ."

ನಗು ಬಂತು. ಸಕಲೇಶಪುರದ ಕಡೆಯ ನಮ್ಮ ಮನೆ ಕೊರಿಯರ್ ಹುಡುಗನಿಗೇ ಸಿಗಲ್ಲ. ಸೇತುವೆ ಹತ್ರ ನಿಂತು ಫೋನ್ ಮಾಡ್ತಾನೆ, ನಾವೇ ಹೋಗಿ ತಗೊಂಡು ಬರ್ತೀವಿ. ಅಂಥಾದ್ದರಲ್ಲಿ ಯುರೋಪಿನವರು ಹುಡುಕ್ತಾರಂತೆ!

ಕಾಲ್ ಮುಗಿದ ಮೇಲೆ ಕೂತು ಓದಿದೆ. 2023ರಲ್ಲಿ ಐರೋಪ್ಯ ಒಕ್ಕೂಟ ಒಂದು ಕಾನೂನು ತಂದಿದೆ. ಕಾಫಿ, ಕೋಕೋ, ತಾಳೆ ಎಣ್ಣೆ, ಸೋಯಾ, ರಬ್ಬರ್, ಮರ, ದನ ಈ ಏಳು ಸರಕುಗಳು, ಇವುಗಳಿಂದ ಮಾಡಿದ ಚಾಕೊಲೇಟ್, ಪೀಠೋಪಕರಣದಂಥವು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಿಂದ ಬಂದಿದ್ದರೆ ಅಲ್ಲಿ ಮಾರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು. ದಶಮಾಂಶದ ಆಚೆ ಆರು ಅಂಕಿ. ಲೆಕ್ಕ ಹಾಕಿದರೆ ಅದು ನೆಲದ ಮೇಲೆ ಹನ್ನೊಂದು ಸೆಂಟಿಮೀಟರು, ಹತ್ತಿರ ಹತ್ತಿರ ಅರ್ಧ ಗೇಣು. ನನ್ನ ಫೋನಿನ ಜಿಪಿಎಸ್ ಮರದ ಕೆಳಗೆ ಐದಾರು ಮೀಟರು ಆಚೀಚೆ ಓಡಾಡುತ್ತೆ, ಅದು ಬೇರೆ ಮಾತು.

ಕಾನೂನು ಜಾರಿಯಾಗಬೇಕಿದ್ದದ್ದು 2024ರ ಡಿಸೆಂಬರ್ 30ಕ್ಕೆ. ಒಂದು ವರ್ಷ ಮುಂದೂಡಿದರು. ಆಮೇಲೆ ಇನ್ನೊಂದು ವರ್ಷ. ನಮ್ಮ ಪ್ರಾಜೆಕ್ಟಿನ ರಿಲೀಸ್ ಡೇಟ್ ನೆನಪಾಯಿತು. ಆದರೆ ಕೊಳ್ಳೋರು ಕಾಯಲ್ಲ, ಈಗಲೇ ಡೇಟಾ ಕೇಳ್ತಿದ್ದಾರೆ. ನಮ್ಮ ದೇಶದ ಕಾಫಿಯಲ್ಲಿ ದೊಡ್ಡ ಪಾಲು ರಫ್ತಾಗೋದು, ಅದರಲ್ಲಿ ಇಟಲಿಯೇ ದೊಡ್ಡ ಗಿರಾಕಿ.

ಮೊದಲು ಸಿಟ್ಟೇ ಬಂತು ಅನ್ನಿ. ದೇಶದ ಸುಮಾರು ಶೇ. 70ರಷ್ಟು ಕಾಫಿ ಬೆಳೆಯೋದು ಕರ್ನಾಟಕದಲ್ಲಿ, ಬೆಳೆಗಾರರಲ್ಲಿ ಬಹುಪಾಲು ನಮ್ಮಂಥ ಸಣ್ಣವರು. ನಮ್ಮಲ್ಲಿ ಕಾಫಿ ಮರದ ನೆರಳಲ್ಲೇ ಬೆಳೆಯೋದು. ಅತ್ತಿ, ಹಲಸು, ನಂದಿ, ಹಾಲವಾಣ, ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಉಪಗ್ರಹದಿಂದ ನೋಡಿದರೆ ತೋಟ ಯಾವುದು, ಕಾಡು ಯಾವುದು ಅಂತ ಬೇರೆ ಮಾಡೋದು ಕಷ್ಟ. ತಮ್ಮ ಕಾಡನ್ನ ಯಾವತ್ತೋ ಕಡಿದು ಹೊಲ ಮಾಡಿಕೊಂಡವರು, ನೆರಳು ಉಳಿಸಿಕೊಂಡವರ ಹತ್ರ ದಾಖಲೆ ಕೇಳೋದಾ? ಭಾರತ ಸರ್ಕಾರವೂ ಇದಕ್ಕೆ ಆಕ್ಷೇಪ ಎತ್ತಿದೆ. 2025ರ ಮೇ ತಿಂಗಳಲ್ಲಿ ಭಾರತವನ್ನ 'ಕಡಿಮೆ ಅಪಾಯ'ದ ದೇಶಗಳ ಪಟ್ಟಿಗೆ ಸೇರಿಸಿ ತಪಾಸಣೆ ಸ್ವಲ್ಪ ಸಡಿಲ ಮಾಡಿದರು, ಆದರೆ ಜಾಗದ ಲೆಕ್ಕ ತಪ್ಪಲಿಲ್ಲ.

ಇದನ್ನೆಲ್ಲ ಅಪ್ಪನಿಗೆ ಜೋರಾಗಿ ಹೇಳಿದೆ. ಅವರು ಕೇಳಿಸಿಕೊಂಡು, "ಅದೆಲ್ಲ ಸರಿ ಮಾರಾಯ. ಮೇಲಿನ ಒಂದೂವರೆ ಎಕರೆ ಏನ್ ಮಾಡೋದು?" ಅಂದರು.

ಇಲ್ಲಿ ನನ್ನ ಕಥೆ ಹೇಳಬೇಕು. 2021ರಲ್ಲಿ ಲಾಕ್‌ಡೌನ್ ಅಂತ ಊರಲ್ಲಿ ಕೂತು ಕೆಲಸ ಮಾಡ್ತಿದ್ದೆ. ತೋಟದ ಮೇಲ್ಗಡೆ ನಮ್ಮದೇ ಹಿಡುವಳಿಯ ಒಂದೂವರೆ ಎಕರೆ ಸುಮ್ಮನೆ ಬಿದ್ದಿತ್ತು. ತಾತನ ಕಾಲದಿಂದ ಅದಕ್ಕೆ ಯಾರೂ ಕತ್ತಿ ಹಾಕಿರಲಿಲ್ಲ. ಸೊಪ್ಪು, ಒಣ ಸೌದೆ ತರ್ತಿದ್ದೆವು ಅಷ್ಟೆ. ನಾನು ಎಕ್ಸೆಲ್ ಶೀಟ್ ಮಾಡಿ, ಎಕರೆಗೆ ಎಷ್ಟು ಗಿಡ, ನಾಲ್ಕನೇ ವರ್ಷಕ್ಕೆ ಎಷ್ಟು ಮೂಟೆ ರೋಬಸ್ಟಾ, ಹತ್ತು ವರ್ಷಕ್ಕೆ ಎಷ್ಟು ದುಡ್ಡು ಅಂತ ತೋರಿಸಿದೆ. ಅಪ್ಪನಿಗೆ ಮನಸ್ಸಿರಲಿಲ್ಲ. ಓದಿದ ಮಗ ಹೇಳ್ತಿದಾನೆ ಅಂತ ಒಪ್ಪಿದರು. ಅನುಮತಿ ಮಾಡಿಸಿಯೇ ಮರ ಕಡಿಸಿದೆವು. ನೆರಳಿಗೆ ಸಿಲ್ವರ್ ಓಕ್ ಹಾಕಿದೆವು.

ಸಿಲ್ವರೇ ಯಾಕೆ? ಅದರಲ್ಲೂ ಒಂದು ಪಾಲಿಸಿ ಇದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಕಾಡುಮರ ಕಡಿಯೋಕೆ ಅನುಮತಿ ಬೇಕು, ಸಿಲ್ವರ್ ಓಕ್‌ಗೆ ವಿನಾಯಿತಿ. ಅದು ನೆಟ್ಟಗೆ, ಬೇಗ ಬೆಳೆಯುತ್ತೆ, ಬೇಕಾದಾಗ ಕಡಿದು ಮಾರಬಹುದು. ಹಾಗಾಗಿ ಒಂದು ಅತ್ತಿ ಬಿದ್ದರೆ ಆ ಜಾಗಕ್ಕೆ ಇನ್ನೊಂದು ಅತ್ತಿ ಯಾರೂ ನೆಡಲ್ಲ. ಮರ ಉಳಿಸೋಕೆ ಅಂತ ಮಾಡಿದ ಕಾಯ್ದೆ, ಊರ ತೋಟಗಳಲ್ಲಿ ಸಿಲ್ವರ್ ತುಂಬೋ ಹಾಗೆ ಮಾಡಿದೆ. ಇದಕ್ಕೆ ಯುರೋಪಿನವರನ್ನ ಬೈಯೋಕಾಗಲ್ಲ.

ಅವರ ಕಾನೂನಿನಲ್ಲಿ ಕಾಡು ಅಂದರೆ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, ಐದು ಮೀಟರಿಗಿಂತ ಎತ್ತರದ ಮರ, ಶೇ. 10ಕ್ಕಿಂತ ಹೆಚ್ಚು ನೆರಳು. ಕೃಷಿ ನಡೆಯೋ ಜಾಗ ಇದರಲ್ಲಿ ಸೇರಲ್ಲ. ಒಂದೂವರೆ ಎಕರೆ ಅಂದರೆ ಹತ್ತಿರ ಹತ್ತಿರ 0.6 ಹೆಕ್ಟೇರ್. ನಾವು ಕಡಿದದ್ದು ಅವರ ತಾರೀಖು ದಾಟಿ ನಾಲ್ಕು ತಿಂಗಳಿಗೆ. ಅಂದರೆ ಅದು ಕಾಡೇ, ಕಡಿದವನು ನಾನೇ.

ಕೋಡ್ ಬರೆಯೋರಿಗೆ ಒಂದು ಕೆಟ್ಟ ಅಭ್ಯಾಸ. ರೂಲ್ ಕಂಡ ತಕ್ಷಣ ಎಲ್ಲಿ ನುಸುಳಬಹುದು ಅಂತ ನೋಡ್ತೀವಿ. ನನಗೂ ಕಾಣಿಸಿತು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ಜಾಗವಾದರೆ ಇಡೀ ಗಡಿ ಬಿಡಿಸಿ ಕೊಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಒಂದೇ ಒಂದು ಚುಕ್ಕೆ ಸಾಕು. ಹಳೇ ತೋಟ ಒಂಬತ್ತೂವರೆ ಎಕರೆ, ನಾಲ್ಕು ಹೆಕ್ಟೇರಿಗೆ ಸ್ವಲ್ಪ ಕಡಿಮೆ. ಮೇಲಿನ ಜಾಗದ ವಿಷಯ ಎತ್ತದೆ, ಮನೆ ಮುಂದಿನ ಕಣದ ಹತ್ರ ಒಂದು ಚುಕ್ಕೆ ಇಟ್ಟು, ಎರಡೂ ಕಡೆಯ ಕಾಫಿ ಒಟ್ಟಿಗೆ ಒಣಗಿಸಿ ಮೂಟೆ ಕಟ್ಟಿದರೆ ಯಾರಿಗೂ ಗೊತ್ತಾಗಲ್ಲ.

ಆ ವಾರಾಂತ್ಯ ಊರಿಗೆ ಹೋದಾಗ ಅಪ್ಪನಿಗೆ ಈ ಐಡಿಯಾ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಬಾ" ಅಂತ ಮೇಲಕ್ಕೆ ಕರ್ಕೊಂಡು ಹೋದರು. ಆ ಜಾಗದ ಕೆಳಗೆ ಒಂದು ಒರತೆ ಇದೆ. ನಾನು ಚಿಕ್ಕವನಿದ್ದಾಗ ಯುಗಾದಿ ಹೊತ್ತಿಗೂ ಅಲ್ಲಿ ಕಾಲು ಇಟ್ಟರೆ ಜುಂ ಅನ್ನೋದು. ಈಗ ಇನ್ನೂ ಶಿವರಾತ್ರಿ ಬಂದಿರಲಿಲ್ಲ, ತಳದಲ್ಲಿ ಒಣ ಎಲೆ ಬಿದ್ದಿತ್ತು.

"ಮೂರು ವರ್ಷ ಆಯ್ತು ಹಿಂಗೆ" ಅಂದರು. "ನಿಂಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ. ಚುಕ್ಕೆ ಎಲ್ಲಿ ಬೇಕಾದ್ರೂ ಇಡು. ಮೇಲಿನ ಕಾಫಿ ಮಾತ್ರ ಬೇರೆ ಒಣಗಿಸ್ತೀನಿ. ನಮ್ಮ ಒಂದು ಮೂಟೆಗೆ ಊರೋರದ್ದೆಲ್ಲ ಕೆಡೋದು ಬೇಡ."

ಅವರು ಹೇಳಿದ್ದು ನಿಜ. ವ್ಯಾಪಾರಿ ಹತ್ರ ಐವತ್ತು ಜನರ ಕಾಫಿ ಒಂದೇ ಲಾಟಾಗುತ್ತೆ. ಅದರಲ್ಲಿ ಒಂದು ಜಾಗ ತಪ್ಪಿದ್ದರೂ ಇಡೀ ಲಾಟಿಗೆ ಕುತ್ತು.

ಈಗ ನಮ್ಮ ಕಣದಲ್ಲಿ ಎರಡು ರಾಶಿ. ಚಿಕ್ಕ ರಾಶಿ ಇಲ್ಲೇ ಪುಡಿ ಮಾಡೋರಿಗೆ, ಹೀಗೆ ಅಂತ ಹೇಳಿಯೇ ಕೊಡ್ತೀವಿ. ರೇಟು ಸ್ವಲ್ಪ ಕಡಿಮೆ. ನನ್ನ ಎಕ್ಸೆಲ್ ಶೀಟಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಒರತೆಗೂ ಇರಲಿಲ್ಲ. ಯುರೋಪಿನ ಕಾನೂನು ಸಣ್ಣ ಬೆಳೆಗಾರನ ತಲೆ ಮೇಲೆ ಖರ್ಚು ಹೊರಿಸುತ್ತೆ ಅಂತ ಈಗಲೂ ನಂಬ್ತೀನಿ. ಜಿಪಿಎಸ್ ಹಿಡಿಯೋ ಮಗ ಇಲ್ಲದ ಮನೆಯವರು ಏನು ಮಾಡಬೇಕು? ಊರಿಗೆ ಹೋದಾಗಲೆಲ್ಲ ಅಕ್ಕಪಕ್ಕದವರ ತೋಟದ ಚುಕ್ಕೆ ಹಿಡಿದು ಕೊಡೋದು ನನ್ನ ಕೆಲಸ ಆಗಿದೆ.

ಕಳೆದ ಮಳೆಗಾಲದಲ್ಲಿ ಒರತೆಯ ಸುತ್ತ ಹತ್ತು ಅತ್ತಿ, ನಾಲ್ಕು ನೇರಳೆ ನೆಟ್ಟೆವು. ಮೂರು ಅತ್ತಿ ದನ ತಿಂದು ಹೋದವು. ಉಳಿದವಕ್ಕೆ ಅಪ್ಪ ಬಿದಿರಿನ ಬೇಲಿ ಕಟ್ಟಿದ್ದಾರೆ.