ಬೇಸಿಗೆಯಲ್ಲಿ ಮೇಲೇಳುವ ಮಡೆನೂರು

ಮುಳುಗಿದ ಹಡಗನ್ನು ಕಣ್ಣಾರೆ ನೋಡಲೆಂದೇ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿಯುವವರಿದ್ದಾರೆ. ಈಜಿಪ್ಟಿನ ಕೆಂಪು ಸಮುದ್ರದಲ್ಲಿ 1941ರಲ್ಲಿ ಜರ್ಮನ್ ಬಾಂಬಿಗೆ ತುತ್ತಾದ ‘ಥಿಸಲ್‌ಗಾರ್ಮ್’ ಎಂಬ ಬ್ರಿಟಿಷ್ ಹಡಗು ಸುಮಾರು 30 ಮೀಟರ್ ಆಳದಲ್ಲಿದೆ. ಅದರ ಒಡಲಲ್ಲಿ ಲಾರಿಗಳೂ ಮೋಟಾರ್ ಸೈಕಲ್ಲುಗಳೂ ಇವೆ. ಅದರೊಂದಿಗೆ ಜೀವ ಕಳೆದುಕೊಂಡವರೂ ಇದ್ದಾರೆ. ನಮ್ಮಲ್ಲಿ ಹೀಗೆ ನೀರಿಗಿಳಿಯುವ ಆಸೆಯಿದ್ದವರು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ.

ಸಾಗರ ತಾಲ್ಲೂಕಿನಲ್ಲಿ ಹೆಸರಿಗಷ್ಟೇ ಸಾಗರ. ಆದರೆ ಮುಳುಗಿದ್ದಕ್ಕೇನೂ ಇಲ್ಲಿ ಬರವಿಲ್ಲ. ಅದನ್ನು ನೋಡಲು ಸಿಲಿಂಡರೂ ಬೇಡ. ಮಳೆ ಕೈಕೊಟ್ಟ ವರ್ಷ, ಮೇ ತಿಂಗಳ ಕೊನೆಯವರೆಗೆ ಕಾದರೆ ಸಾಕು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ಹಾಯ್ದು ಸಾಗರಕ್ಕೆ ಬರುತ್ತಾಳೆ. ಜೋಗದಲ್ಲಿ ವಿದ್ಯುತ್ ತಯಾರಿಸಲು ಮೈಸೂರು ಸಂಸ್ಥಾನವು 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿತು. 1949ರಲ್ಲಿ ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರದ ಉದ್ಘಾಟನೆಯಾಯಿತು. ಆದರೆ 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಎದ್ದು ನಿಂತಾಗ, ಸುಮಾರು ಒಂದೂವರೆ ದಶಕ ನೀರು ಹಿಡಿದು ನಿಂತಿದ್ದ ಅಣೆಕಟ್ಟೇ ನೀರಿನ ಪಾಲಾಯಿತು.

ನೀರಿಳಿದಾಗ ಕಾಣುವ ಅದರ ಸೈಫನ್‌ಗಳನ್ನು ವಿಜ್ಞಾನದ ವಿದ್ಯಾರ್ಥಿಗಳು ನೋಡಲೇಬೇಕು. ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವಿನ್ಯಾಸವಿದು. ದೊಡ್ಡ ಆಲಿಕೆಯೊಂದನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಗುಮ್ಮಟ ಕವುಚಿದಂತಿದೆ. ಜಲಾಶಯ ತುಂಬಿ ನೀರು ಆಲಿಕೆಯ ಅಂಚು ದಾಟಿದೊಡನೆ ಸುಳಿಸುತ್ತುತ್ತಾ ಕೆಳಗಿಳಿಯುತ್ತದೆ. ಇಳಿಯುವಾಗ ಗುಮ್ಮಟದೊಳಗಿನ ಗಾಳಿಯನ್ನೂ ಎಳೆದೊಯ್ಯುತ್ತದೆ. ಒಳಗೆ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ವಾಯುಮಂಡಲವೇ ನೀರನ್ನು ಒಳಕ್ಕೆ ದೂಡುತ್ತದೆ. ಮಟ್ಟ ಇಳಿದಾಗ ಗಾಳಿ ನುಗ್ಗಿ ಹರಿವು ತಾನಾಗಿಯೇ ನಿಲ್ಲುತ್ತದೆ. ಗೇಟಿಲ್ಲ, ಮೋಟಾರಿಲ್ಲ, ಕಾಯುವವನೂ ಬೇಡ! ಪಠ್ಯಪುಸ್ತಕದ ಎರಡು ಲೋಟ, ಒಂದು ರಬ್ಬರ್ ನಳಿಕೆಯ ಪ್ರಯೋಗಕ್ಕಿಂತ ಇದು ಮಕ್ಕಳ ತಲೆಗೆ ಬೇಗ ಹತ್ತುತ್ತದೆ ಎಂಬುದು ನನ್ನ ಅನುಭವ.

ಹಿನ್ನೀರಿನ ಅಂಚಿನಲ್ಲಿ ಒಣಮರಗಳ ಬೊಡ್ಡೆಗಳು ಸಾಲಾಗಿ ನಿಂತಿರುತ್ತವೆ. ಅರವತ್ತು ವರ್ಷವಾದರೂ ಇವು ಕೊಳೆತಿಲ್ಲವೇಕೆ? ಮರ ಕೊಳೆಯಿಸುವ ಶಿಲೀಂಧ್ರಗಳಿಗೆ ಆಮ್ಲಜನಕ ಬೇಕು. ಕೆಸರಿನಲ್ಲಿ, ಆಳದ ನೀರಿನಲ್ಲಿ ಅದು ತೀರಾ ಕಡಿಮೆ. ಮುಳುಗಿದ ಭಾಗ ಗಟ್ಟಿ, ಆಗಾಗ ಒದ್ದೆಯಾಗಿ ಒಣಗುವ ಭಾಗವೇ ಮೊದಲು ಲಡ್ಡು.

ಮರಗಳು ಉಳಿದವು, ಮನೆಗಳು ಉಳಿಯಲಿಲ್ಲ. ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಗದ್ದೆ, ತೋಟ, ದೇವಸ್ಥಾನಗಳ ಸಮೇತ ಹೋದವು. ನಮ್ಮ ಕಡೆ ‘ಮುಳುಗಡೆಯವರು’ ಎಂದರೆ ಅದೊಂದು ಜಾತಿಯ ಹೆಸರೋ ಎನ್ನುವಷ್ಟು ರೂಢಿಯಾಗಿದೆ. ಮನೆಮಠ ಬಿಟ್ಟು ಬೇರೆಡೆ ಕಾಡಿನ ಅಂಚಿನಲ್ಲಿ ಬದುಕು ಕಟ್ಟಿದವರಲ್ಲಿ ಎಷ್ಟೋ ಮಂದಿಗೆ, ಮಕ್ಕಳು ಮೊಮ್ಮಕ್ಕಳ ಕಾಲ ಬಂದರೂ ಜಮೀನಿನ ಹಕ್ಕುಪತ್ರ ಸರಿಯಾಗಿ ಕೈಗೆ ಬಂದಿಲ್ಲ. ನಾಡಿಗೆಲ್ಲ ದೀಪ ಕೊಟ್ಟವರಿಗೆ ಕಾಗದವೊಂದನ್ನು ಕೊಡಲು ಇಷ್ಟು ತಡವೇ? ಸಾಗರದ ನಾ. ಡಿಸೋಜ ಅವರ ‘ದ್ವೀಪ’ ಈ ಮುಳುಗಡೆಯ ಸಂಕಟದಿಂದಲೇ ಹುಟ್ಟಿದ ಕಾದಂಬರಿ. ಗಿರೀಶ ಕಾಸರವಳ್ಳಿ ಅದನ್ನು ಚಲನಚಿತ್ರವಾಗಿಸಿದರು.

ನನ್ನ ವಿದ್ಯಾರ್ಥಿಯೊಬ್ಬನ ಅಜ್ಜಿ ಒಮ್ಮೆ ನಮ್ಮೊಡನೆ ಹಿನ್ನೀರಿಗೆ ಬಂದಿದ್ದರು. ಹುಡುಗರೆಲ್ಲ ಗುಮ್ಮಟದ ಕಡೆ ಓಡಿದರೆ ಅವರು ಒಡೆದ ಕೆಸರಿನ ನಡುವೆ ಕಲ್ಲಿನ ಸಾಲೊಂದನ್ನು ಹುಡುಕಿ ನಿಂತರು. ಅದು ದನದ ಕೊಟ್ಟಿಗೆಯ ಅಡಿಪಾಯವಂತೆ. ಮನೆ ಬಿಡುವಾಗ ಅಳಲಿಲ್ಲವಂತೆ. ದನ ಮಾರುವಾಗ ಅತ್ತರಂತೆ. ಮೊಮ್ಮಗ ಹೆಜ್ಜೆ ಹಾಕಿ ಅಳೆದ. ಹನ್ನೆರಡು ಹೆಜ್ಜೆ.

ಅಂಬಾರಗೋಡ್ಲು–ಕಳಸವಳ್ಳಿ ನಡುವೆ ದಶಕಗಳ ಕಾಲ ಲಾಂಚೇ ಆಸರೆಯಾಗಿತ್ತು. 2025ರ ಜುಲೈಯಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಳಕೆಗೆ ಬಂದಿತು. ಸಿಗಂದೂರಿಗೆ ಹೋಗುವ ವಾಹನಗಳೀಗ ಕೆಲವೇ ನಿಮಿಷಗಳಲ್ಲಿ ಹಿನ್ನೀರನ್ನು ದಾಟುತ್ತವೆ. ಮಕ್ಕಳನ್ನು ಕರೆದೊಯ್ಯುವ ಪೋಷಕರು ಮಡೆನೂರಿನ ದಾರಿ, ಅನುಮತಿಗಳನ್ನು ಮೊದಲೇ ವಿಚಾರಿಸಿ ಹೊರಡಿ. ಮೇಲೆ ಒಣಗಿದಂತೆ ಕಾಣುವ ಕೆಸರು ಮೊಣಕಾಲುದ್ದ ಹೂಳುತ್ತದೆ, ಸ್ಥಳದವರೊಬ್ಬರು ಜೊತೆಗಿರಲಿ. ಅವರಲ್ಲಿ ಹಿರಿಯರಿದ್ದರೆ, ಅವರ ಊರು ಯಾವ ಕಡೆ ಇತ್ತೆಂದು ಕೇಳಿ. ಕೈ ತೋರಿಸುತ್ತಾರೆ.